ಸುಣ್ಣ ಬಳಿಯುವ ಮುನ್ನ ಗೋಡೆಯನ್ನು ನೋಡಿ

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರವಾದಂತೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸುಣ್ಣಬಣ್ಣದ ಕೆಲಸ ಆರಂಭವಾಗುತ್ತದೆ. ಹೊಸದಾಗಿ ಸಂಸಾರ ಹೂಡಿದವರಿಗೆ ನಾನು ಮೊದಲು ಹೇಳುವುದು, ತೇವ ಹಿಡಿದ ಗೋಡೆಗೆ ಕಾರಣ ಹುಡುಕದೆ ಸುಣ್ಣ ಬಳಿಯಬೇಡಿ ಎಂದು. ಕಲೆ ಕೆಲವು ದಿನ ಮರೆಯಾಗುತ್ತದೆ, ಆಮೇಲೆ ಅದೇ ಜಾಗದಲ್ಲಿ ಬಿಳಿಯ ಉಪ್ಪು ಎದ್ದು, ಬಳಿದದ್ದೆಲ್ಲ ಹಕ್ಕಳೆಯಾಗಿ ಉದುರುತ್ತದೆ.

ಕಾರಣ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ತಾರಸಿಯ ನೀರಿನ ಕೊಳವೆಗೆ ಎಲೆ ಕಟ್ಟಿಕೊಂಡಿರಬಹುದು, ಸಂಪು ಸೋರುತ್ತಿರಬಹುದು, ಬಚ್ಚಲಿನ ಪೈಪು ಗೋಡೆಯೊಳಗೇ ಒಡೆದಿರಬಹುದು. ಮಲ್ಲೇಶ್ವರ, ಬಸವನಗುಡಿಗಳಂತಹ ಕಡೆ ಇನ್ನೊಂದು ತೊಂದರೆಯಿದೆ: ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತ ಬಂದು, ಹಳೆಯ ಮನೆಗಳ ಅಂಗಳವೇ ತಗ್ಗಾಗಿ ಮಳೆಯ ನೀರು ಅಡಿಪಾಯಕ್ಕೆ ಇಳಿಯುತ್ತದೆ. ಅನುಮಾನವಿದ್ದರೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿಯಲ್ಲಿ ಹನಿಗಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಮುಂಬದಿಯಲ್ಲಿದ್ದರೆ ಕೋಣೆಗೆ ಗಾಳಿ ಸಾಲದು.

ಗೋಡೆ ಒಣಗಿದ ಮೇಲೆ ಸುಣ್ಣದ ಮಾತು. ಸುಟ್ಟ ಸುಣ್ಣದ ಕಲ್ಲು ನೀರು ಸೋಕಿದೊಡನೆ ಕೊತಕೊತ ಕುದಿಯುವುದರಿಂದ, ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿಸಿ, ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಇಳಿಬಿಡಬೇಕು. ಕಲ್ಲಿನ ಮೇಲೆ ನೀರು ಸುರಿಯಲೇಬಾರದು. ಪ್ಲಾಸ್ಟಿಕ್ ಬಕೆಟ್ಟು ಆ ಬಿಸಿಗೆ ತಡೆಯುವುದಿಲ್ಲ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ; ಕನ್ನಡಕ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಅರಳಿದ ಸುಣ್ಣವನ್ನು ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತಿಳಿ ಮಜ್ಜಿಗೆಯ ಹದಕ್ಕೆ ತಂದು, ನೀರು ಚಿಮುಕಿಸಿದ ಗೋಡೆಗೆ ತೆಳುವಾಗಿ ಬಳಿಯಬೇಕು. ಹಸಿಯಿದ್ದಾಗ ಅದು ಕಾಣುವುದೇ ಕಡಿಮೆ, ಒಣಗುತ್ತ ಬೆಳ್ಳಗಾಗುತ್ತದೆ. ಇದನ್ನರಿಯದೆ ಗಟ್ಟಿಯಾಗಿ ಬಳಿದರೆ ಬಿರುಕು ಖಂಡಿತ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಕಲ್ಲಾಗಬೇಕು, ಅದಕ್ಕೆ ಸಮಯ ಬೇಕು. ಹಾಗಾಗಿ ಸುಡುಬಿಸಿಲಿನಲ್ಲಿ ಬಳಿಯದೆ, ಒಂದು ದಿನ ಬಿಟ್ಟು ಇನ್ನೊಂದರಂತೆ ಮೂರು ಸಲ ಬಳಿಯಿರಿ. ಬಿಳುಪು ಎದ್ದು ಕಾಣಲು ಚಿಟಿಕೆ ನೀಲಿ ಸಾಕು. ಎಮಲ್ಷನ್ ಅಥವಾ ಆಯಿಲ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ.

ತಪ್ಪನ್ನು ಮರೆಮಾಚುವುದಕ್ಕೂ ಇಂಗ್ಲಿಷಿನಲ್ಲಿ ವೈಟ್‌ವಾಶ್, ಅಂದರೆ ಸುಣ್ಣ ಬಳಿಯುವುದು, ಎನ್ನುತ್ತಾರೆ. ನಿಜಕ್ಕೂ ಸುಣ್ಣ ಏನನ್ನೂ ಬಹುಕಾಲ ಮುಚ್ಚಿಡುವುದಿಲ್ಲ. ತೇವವನ್ನು ಹೊರಬಿಡುವ ಗುಣ ಅದಕ್ಕಿದೆ, ಕಲೆ ಬೇಗ ತೋರುತ್ತದೆ. ಮುಚ್ಚುವವರು ಮನುಷ್ಯರು. ಬಾಡಿಗೆದಾರರು ಬರುವ ಮುನ್ನ ಒದ್ದೆ ಗೋಡೆಗೆ ಬಣ್ಣ ಹೊಡೆಸಿ, ಅವರು ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾಲೀಕರು ಈ ಊರಿನಲ್ಲಿದ್ದಾರೆ. ಇದನ್ನು ನಾನು ಅನ್ಯಾಯವೆಂದೇ ಹೇಳುತ್ತೇನೆ, ಏಕೆಂದರೆ ಆ ಬೂಷ್ಟಿನ ಗಾಳಿಯನ್ನು ಉಸಿರಾಡುವುದು ಆ ಮನೆಯ ಮಕ್ಕಳು. ಆದ್ದರಿಂದ ಮನೆ ನೋಡಲು ಹೋದಾಗ ಕಪಾಟಿನ ಹಿಂಬದಿಯನ್ನೂ ಗೋಡೆಯ ಕೆಳಗಿನ ಮೂರಡಿಯನ್ನೂ ಕೈಯಿಂದ ಮುಟ್ಟಿ ನೋಡಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣವಿದ್ದರೆ ಏಕೆಂದು ಕೇಳಿ. ತೇವದ ಕಲೆಗಳಿದ್ದರೆ ಫೋಟೋ ತೆಗೆದಿಟ್ಟು, ಕರಾರುಪತ್ರದಲ್ಲಿ ಅದನ್ನು ಬರೆಸಿದ ಮೇಲೆಯೇ ಅಡ್ವಾನ್ಸು ಕೊಡಿ.