ನಾಲ್ಕು ಚಕ್ರದ ಕನ್ನಡಿಗೆ ಕ್ಯಾಮೆರಾ ಹಿಡಿಯುವುದು ಹೇಗೆ?

ಕಾರ್ ಡೀಲರ್ ಒಬ್ಬರಿಗೆ ನಾನು ಮಾಡಿಕೊಟ್ಟ ಮೊದಲ ಪ್ರಚಾರದ ವಿಡಿಯೊದಲ್ಲಿ ಒಂದು ಕಪ್ಪು ಸೆಡಾನ್ ಹೀರೊ ಆಗಬೇಕಿತ್ತು. ಎಡಿಟಿಂಗ್‌ಗೆ ಕೂತು ನೋಡಿದರೆ ಹೀರೊ ನಾನೇ! ಬಾಗಿಲಿನ ತುಂಬ ನನ್ನ ಹಳದಿ ಟೀ ಶರ್ಟು, ಬಾನೆಟ್ ಮೇಲೆ ಟ್ಯೂಬ್‌ಲೈಟುಗಳ ಸಾಲು, ಹಿಂದಿನ ಗಾಜಿನಲ್ಲಿ ಫೋನ್ ನೋಡುತ್ತಾ ನಿಂತ ಲೈಟ್ ಹುಡುಗ. ಕಾರು ಅಂದರೆ ನಾಲ್ಕು ಚಕ್ರದ ಕನ್ನಡಿ. ಅದರಲ್ಲಿ ಏನು ಕಾಣಬೇಕು ಅಂತ ನಿರ್ಧರಿಸುವುದೇ ನಿರ್ದೇಶಕರ ಅರ್ಧ ಕೆಲಸ. ಇನ್ನರ್ಧ, ಕಾರು ಮಾರುವವರ ಬಾಯಿ ಬಿಡಿಸುವುದು.

ಮೊದಲು ಒಂದೇ ಮಾತು

ವಿಡಿಯೊದಲ್ಲಿ ಏನಿರಬೇಕು ಅಂತ ಡೀಲರನ್ನು ಕೇಳಿದರೆ ಹೊಸ ಮಾಡೆಲ್, ಸಾಲ, ಎಕ್ಸ್‌ಚೇಂಜ್, ಸರ್ವಿಸ್, ಎಲ್ಲವೂ ಬೇಕು ಅನ್ನುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಅಷ್ಟು ಹಿಡಿಸಲ್ಲ. ನೋಡಿದವರು ಮುಂದೇನು ಮಾಡಬೇಕು ಅಂತ ಕೇಳಿ. ಟೆಸ್ಟ್ ಡ್ರೈವ್‌ಗೆ ಬರಬೇಕಾ? ಹಳೆ ಕಾರು ತರಬೇಕಾ? ಒಂದನ್ನು ಆರಿಸಿ, ಮಿಕ್ಕಿದ್ದಕ್ಕೆ ಬೇರೆ ವಿಡಿಯೊ ಮಾಡಿ. ಗುಡ್ಡದ ತಿರುವಿನಲ್ಲಿ ಕಾರು ಓಡುವ ಜಾಹೀರಾತನ್ನು ಕಾರು ಕಂಪನಿಯೇ ಮಾಡಿರುತ್ತದೆ. ಈ ಶೋರೂಮಿಗೇ ಯಾಕೆ ಬರಬೇಕು ಅನ್ನುವುದನ್ನು ನೀವು ತೋರಿಸಬೇಕು. ಕಂಪನಿಯ ಲೋಗೊ ಬಳಸಲು ಸಾಮಾನ್ಯವಾಗಿ ನಿಯಮಗಳಿರುತ್ತವೆ, ಮೊದಲೇ ಕೇಳಿಕೊಳ್ಳಿ.

ಕಾರಿಗೆ ಮೇಕಪ್

ಕ್ಯಾಮೆರಾ ಹೊರತೆಗೆಯುವ ಮುನ್ನ ಕಾರಿಗೆ ಒಂದು ತಾಸು ಕೊಡಿ. ಸೀಟಿನ ಪ್ಲಾಸ್ಟಿಕ್, ಗಾಜಿನ ಸ್ಟಿಕ್ಕರ್, ಕಾಲಡಿಯ ಕಾಗದ ತೆಗೆಯಿರಿ. ಎರಡೂ ಮುಂದಿನ ಸೀಟು ಒಂದೇ ಮಟ್ಟದಲ್ಲಿರಲಿ. ಕಿಟಕಿಗಳು ಎಲ್ಲ ಮೇಲೆ, ಇಲ್ಲವೇ ಎಲ್ಲ ಕೆಳಗೆ. ಚಕ್ರದ ನಡುವಿನ ಲೋಗೊ ನೆಟ್ಟಗಿರಲಿ, ಕಾರನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿದರೆ ಸರಿಹೋಗುತ್ತದೆ. ಮೈಕ್ರೋಫೈಬರ್ ಬಟ್ಟೆ ಹಿಡಿದ ಒಬ್ಬರು ಇಡೀ ದಿನ ಪಕ್ಕದಲ್ಲಿರಬೇಕು, ಬೆರಳಚ್ಚು ಕಪ್ಪು ಬಣ್ಣದ ಮೇಲೆ ಎದ್ದು ಕಾಣುತ್ತದೆ. ಎಂಜಿನ್ ಆರಿಸಿ ಹೆಡ್‌ಲೈಟ್ ಉರಿಸುತ್ತಾ ಕೂತರೆ ಬ್ಯಾಟರಿ ಇಳಿದುಹೋಗುತ್ತದೆ. ಡೀಲರ್ ಎದುರಿಗೇ ಹೊಸ ಕಾರು ಸ್ಟಾರ್ಟ್ ಆಗದ ಮುಜುಗರ ನನಗೊಮ್ಮೆ ಆಗಿದೆ. ಅದಕ್ಕೇ ಈಗ ಚಾರ್ಜರ್ ಇಲ್ಲದೆ ಹೊರಡುವುದಿಲ್ಲ.

ಕನ್ನಡಿಯನ್ನು ಪಳಗಿಸುವುದು

ಹೊರಗಡೆ ಶೂಟಿಂಗ್ ಆದರೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ, ಇಲ್ಲವೇ ಹುಟ್ಟುವ ಮುಂಚಿನ ಇಪ್ಪತ್ತು ನಿಮಿಷ ಚೆನ್ನ. ಆಗ ಆಕಾಶವೇ ದೊಡ್ಡದೊಂದು ಲೈಟು. ಕಾರಿನ ಗೆರೆಗಳು ನುಣ್ಣಗೆ ಮೂಡುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಾನೆಟ್ ಕಣ್ಣು ಕುಕ್ಕುತ್ತದೆ, ಆಗ ಒಳಗಿನ ದೃಶ್ಯ ತೆಗೆದುಕೊಳ್ಳಿ.

ಶೋರೂಮಿನ ಒಳಗೆ ಸಾಧ್ಯವಾದಷ್ಟು ಲೈಟು ಆರಿಸಿ. ಕಾರಿಗಿಂತ ಉದ್ದದ ಬಿಳಿ ಬಟ್ಟೆಯನ್ನು ಮೇಲೆ ಕಟ್ಟಿ, ನಿಮ್ಮ ಲೈಟನ್ನು ಅದಕ್ಕೆ ಬಿಡಿ. ಚುಕ್ಕಿ ಚುಕ್ಕಿ ಬಲ್ಬುಗಳ ಬದಲು ಬಾನೆಟ್ ಮೇಲೆ ಒಂದೇ ಬಿಳಿ ಪಟ್ಟಿ ಹರಿಯುತ್ತದೆ. ನೀವು, ಟ್ರೈಪಾಡ್, ಸಹಾಯಕರು ಎಲ್ಲ ಕಪ್ಪು ಬಟ್ಟೆಯಲ್ಲಿರಿ.

ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಪ್ರತಿಬಿಂಬ ಕಡಿಮೆ ಮಾಡುವ ಪೋಲರೈಸರ್ ಫಿಲ್ಟರ್ ಇಲ್ಲಿ ದೊಡ್ಡ ಗೆಳೆಯ. ತಿರುಗಿಸುತ್ತಾ ಹೋದರೆ ಮುಂದಿನ ಗಾಜಿನ ಪ್ರತಿಬಿಂಬ ಕರಗಿ ಒಳಗಿನ ಸೀಟು ಕಾಣುತ್ತದೆ. ಆದರೆ ಪೂರ್ತಿ ತೆಗೆದುಬಿಟ್ಟರೆ ಬಣ್ಣ ಸತ್ತ ಹಾಗಿರುತ್ತದೆ, ಸ್ವಲ್ಪ ಹೊಳಪು ಉಳಿಸಿ. ಬೆಳಕೂ ಒಂದೂವರೆಯಿಂದ ಎರಡು ಸ್ಟಾಪ್ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾದ ಹಾಗೆ). ಇನ್ನೊಂದು ತಮಾಷೆ ಇದೆ. ಟೆಂಪರ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಪಕ್ಕದ, ಹಿಂದಿನ ಗಾಜುಗಳಲ್ಲಿ ಕಲೆ ಕಲೆಯಾದ ಚಿತ್ತಾರ ಮೂಡಬಹುದು, ಡ್ಯಾಶ್‌ಬೋರ್ಡಿನ ಸ್ಕ್ರೀನ್ ಕಪ್ಪಾಗಬಹುದು. ಕಾರು ಕೆಟ್ಟಿದೆ ಅಂತ ಗಾಬರಿ ಬೇಡ, ಫಿಲ್ಟರ್ ತಿರುಗಿಸಿ ನೋಡಿ.

ಕ್ಯಾಮೆರಾ ಎಲ್ಲಿಡಬೇಕು?

ಹೆಡ್‌ಲೈಟ್ ಎತ್ತರದಲ್ಲಿ. ನಿಂತ ಮನುಷ್ಯನ ಕಣ್ಣಿನಿಂದ ನೋಡಿದರೆ ಕಾರು ಕುಳ್ಳಗಾಗುತ್ತದೆ. ವೈಡ್ ಲೆನ್ಸ್ ಹಾಕಿ ಹತ್ತಿರ ಹೋದರೆ ಮೂತಿ ಊದಿಕೊಳ್ಳುತ್ತದೆ. ದೂರ ನಿಂತು 50ರಿಂದ 85 ಎಂಎಂ ಲೆನ್ಸ್ ಬಳಸಿ. ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವ ಕೋನ ಒಳ್ಳೆಯದು. ಮುಂದಿನ ಚಕ್ರ ತಿರುಗಿಸಿ, ಟೈರಿನ ಬದಲು ರಿಮ್ ಕ್ಯಾಮೆರಾ ಕಡೆ ನೋಡಲಿ. ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರ್ ವೇಗ 1/50 ಸೆಕೆಂಡು ಇರಲಿ. ಎಲ್‌ಇಡಿ ಹೆಡ್‌ಲೈಟ್ ಮಿಟುಕಿದರೆ ಶಟರ್ ಚೂರು ಬದಲಿಸಿ ನೋಡಿ.

ಓಡುವ ಕಾರನ್ನು ಇನ್ನೊಂದು ಕಾರಿನಿಂದ ಹಿಡಿಯಬೇಕಾ? ಖಾಲಿ ಖಾಸಗಿ ಜಾಗ ಅಥವಾ ಅನುಮತಿ ಪಡೆದು ಮುಚ್ಚಿಸಿದ ರಸ್ತೆ ಬೇಕು. ಕಿಟಕಿಯಿಂದ ಜೋತುಬೀಳುವ ಸಾಹಸ ಬೇಡ.

ಬಾಯಿ ಬಿಡಿಸುವುದು

ದಿನಕ್ಕೆ ಹತ್ತು ಗಿರಾಕಿಗಳ ಹತ್ತಿರ ಅರಳು ಹುರಿದಂತೆ ಮಾತಾಡುವ ಸೇಲ್ಸ್‌ನವರು ಕ್ಯಾಮೆರಾ ಕಂಡರೆ ಮರದ ಗೊಂಬೆ. ಒಬ್ಬ ಹುಡುಗ ಒಂದೇ ಸಾಲಿಗೆ ಹದಿನಾಲ್ಕು ಟೇಕ್ ತೆಗೆದುಕೊಂಡ. ಕೊನೆಗೆ ಕಾಗದ ಕಿತ್ತುಕೊಂಡು, ಒಂದು ಮಗುವಿನ ತಳ್ಳುಗಾಡಿ ಕೊಟ್ಟು, ‘ಇದು ಡಿಕ್ಕಿಯಲ್ಲಿ ಹಿಡಿಯುತ್ತಾ ಸರ್?’ ಅಂದೆ. ‘ಹಿಡಿಯದೆ ಏನು? ಹೀಗೆ ಅಡ್ಡ ಇಡಿ, ಪಕ್ಕದಲ್ಲಿ ಇನ್ನೂ ಎರಡು ಬ್ಯಾಗ್ ಬರುತ್ತೆ’ ಅಂತ ತಾನೇ ಇಟ್ಟು ತೋರಿಸಿದ. ಕ್ಯಾಮೆರಾ ಓಡುತ್ತಿತ್ತು. ವಿಡಿಯೊದಲ್ಲಿ ಉಳಿದದ್ದು ಅದೊಂದೇ ಮಾತು. ಕೈಗೆ ಕೆಲಸ ಕೊಡಿ, ಗಿರಾಕಿ ಕೇಳುವ ಪ್ರಶ್ನೆ ಕೇಳಿ. ಅಷ್ಟೇ.

ಗಾಜಿನ ಶೋರೂಮಿನಲ್ಲಿ ದನಿ ಗುಂಯ್‌ಗುಡುತ್ತದೆ. ಕಾಲರ್ ಮೈಕ್ ಹಾಕಿ, ಎಸಿ ಆರಿಸಿ. ಹಿನ್ನೆಲೆ ಮಾತನ್ನು ಕಾರೊಳಗೇ ಕೂತು ಬಾಗಿಲು ಹಾಕಿ ರೆಕಾರ್ಡ್ ಮಾಡಿ, ಪುಕ್ಕಟೆ ಸ್ಟುಡಿಯೊ!

ಎಡಿಟಿಂಗ್ ಮೇಜಿನಲ್ಲಿ

ಫೋನನ್ನು ನೆಟ್ಟಗೆ ಹಿಡಿದು ನೋಡುವ ಉದ್ದನೆಯ ವಿಡಿಯೊ ಬೇಕಾದರೆ 9:16 (ಅಗಲ 9, ಎತ್ತರ 16) ಅಂತ ಶೂಟಿಂಗ್‌ಗೆ ಮೊದಲೇ ತೀರ್ಮಾನಿಸಿ. ಉದ್ದ ಚೌಕಟ್ಟಿನಲ್ಲಿ ಕಾರಿನ ಪಕ್ಕದ ನೋಟ ಬೆಂಕಿಪೊಟ್ಟಣದಷ್ಟಾಗುತ್ತದೆ. ಎದುರು, ಹಿಂಬದಿ, ಹತ್ತಿರದ ನೋಟಗಳೇ ಸರಿ. ಲೋಗೊದಿಂದ ಶುರು ಮಾಡಬೇಡಿ. ಸದ್ದು ಆರಿಸಿ ನೋಡುವವರು ಜಾಸ್ತಿ ಇರುತ್ತಾರೆ, ಮಾತಿಗೆಲ್ಲ ಅಕ್ಷರ ಕೊಡಿ. ಹಾಡಿಗೆ ಲೈಸೆನ್ಸ್ ಇರಲಿ.

ಬೆಲೆ, ಆಫರ್ ಕೊನೆಯಾಗುವ ದಿನ ಬೇರೆ ಕಾರ್ಡಿನಲ್ಲಿರಲಿ (ಅಕ್ಷರ ಮಾತ್ರ ಇರುವ ದೃಶ್ಯ), ಬದಲಾದಾಗ ಅದೊಂದನ್ನೇ ತೆಗೆದುಹಾಕಬಹುದು. ತೋರಿಸಿದ್ದು ಸನ್‌ರೂಫ್ ಇರುವ ಮೇಲಿನ ವೇರಿಯಂಟ್, ಬರೆದದ್ದು ಕಡಿಮೆ ವೇರಿಯಂಟಿನ ಬೆಲೆ ಆಗಿದ್ದರೆ ಜಗಳ ಗ್ಯಾರಂಟಿ. ಅದಕ್ಕೇ ಡೀಲರಿಗೆ ಕಳಿಸುವ ಮುಂಚೆ ನಾನು ವಿಡಿಯೊ ತೋರಿಸುವುದು ಶೋರೂಮಿನಲ್ಲಿ ಫೋನ್ ಎತ್ತುವವರಿಗೆ. ‘ಇದನ್ನು ನೋಡಿ ಜನ ನಿಮಗೆ ಏನಂತ ಬಯ್ಯಬಹುದು?’ ಅಂತ ಕೇಳುತ್ತೇನೆ. ಅವರು ಹೇಳಿದ್ದನ್ನು ಅಲ್ಲೇ ಕೂತು ತಿದ್ದುತ್ತೇನೆ.