ಕೈ ಒಡೆದರೆ ‘ಅಲರ್ಜಿ’ ಅನ್ನಬೇಡಿ: ಜರ್ಮನಿಯಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುವವರಿಗೆ

ಯುಗಾದಿಗೆ ನಾವು ಹತ್ತು-ಹನ್ನೆರಡು ಜನ ಸೇರಿದ್ದೆವು. ದಾವಣಗೆರೆಯಿಂದ ಓದಲು ಬಂದ ಹುಡುಗಿಯೊಬ್ಬಳು ಹೋಳಿಗೆಯನ್ನು ಚಮಚದಲ್ಲಿ ಮುರಿದು ತಿನ್ನುತ್ತಿದ್ದಳು. ಯಾಕಮ್ಮಾ ಅಂದರೆ ಸುಮ್ನೆ ನಕ್ಕಳು. ಆಮೇಲೆ ಅಡುಗೆಮನೆಗೆ ಕರೆದು ಕೈ ತೋರಿಸಿದಳು. ಬೆರಳ ಸಂದಿಯಲ್ಲಿ ಚರ್ಮ ಒಡೆದು ಕೆಂಪಗಾಗಿತ್ತು. ಉಂಗುರದ ಜಾಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ. ಚಿತ್ರಾನ್ನದ ಹುಳಿ ತಗುಲಿದರೆ ಪ್ರಾಣ ಹೋಗುತ್ತದಂತೆ. ಐದು ತಿಂಗಳಿಂದ ಹೋಟೆಲೊಂದರಲ್ಲಿ ಬಾತ್‌ರೂಮ್ ತೊಳೆಯುವ ಮಿನಿಜಾಬ್, ಅಂದರೆ ಕಡಿಮೆ ಸಂಬಳದ ಅರೆಕಾಲಿಕ ಕೆಲಸ, ಮಾಡುತ್ತಿದ್ದಳು.

ಡಾಕ್ಟರ್ ಹತ್ತಿರ ಏನು ಹೇಳಿದೆ ಅಂತ ಕೇಳಿದೆ.

“ಅಲರ್ಜಿ ಅಂದೆ ಅಕ್ಕ. ಕೆಲಸದಿಂದ ಬಂತು ಅಂದ್ರೆ ಕೆಲಸಾನೇ ಹೋಗುತ್ತೇನೋ ಅಂತ ಭಯ.”

ಎಂಟು ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆ. ಮುಲಾಮು, ಕ್ರೀಮು, ಕೈಗವಸು ಅಂತ ಮುನ್ನೂರು ಯೂರೋಗಿಂತ ಜಾಸ್ತಿ ಕೈಯಿಂದ ಹೋಯಿತು. ಕೊನೆಗೆ ಕೆಲಸವನ್ನೂ ಬಿಟ್ಟೆ. ಎರಡು ತಿಂಗಳು ಬಾಡಿಗೆಗೆ ಅಪ್ಪನ ಹತ್ತಿರ ಕೇಳಬೇಕಾಯಿತು. ಆ ಮುಲಾಮು-ಕ್ರೀಮಿನ ದುಡ್ಡಲ್ಲಿ ಒಂದು ಯೂರೋವನ್ನೂ ನಾನು ಕೊಡಬೇಕಾಗಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಆವತ್ತಿನಿಂದ ಕನಿಷ್ಠ ಆರು ಜನ ಇದೇ ತಪ್ಪು ಮಾಡಿದ್ದನ್ನು ನೋಡಿದ್ದೇನೆ.

ಟಿಕೆ, ಆಓಕೆ ಅಂತ ಹೆಲ್ತ್ ಇನ್ಶೂರೆನ್ಸ್ ಕಾರ್ಡು ಎಲ್ಲರ ಹತ್ತಿರವೂ ಇದೆ. ಆದರೆ ಕೆಲಸದಿಂದ ಬಂದ ಗಾಯ ಮತ್ತು ಕಾಯಿಲೆ ಆ ಕಾರ್ಡಿನ ಬಾಬ್ತಲ್ಲ. ಅದಕ್ಕೆ ಬೇರೆಯೇ ವಿಮೆ ಇದೆ, ಅದನ್ನು ನಡೆಸುವುದು ಬೆರೂಫ್ಸ್‌ಗೆನೊಸೆನ್‌ಶಾಫ್ಟ್ ಅನ್ನುವ ಸಂಸ್ಥೆ. ಎಲ್ಲರೂ ಕರೆಯುವುದು ‘ಬೇ-ಗೇ’ ಅಂತ. ಇದರ ಕಂತು ಪೂರ್ತಿ ಮಾಲೀಕರದ್ದು, ನಿಮ್ಮ ಸಂಬಳದಿಂದ ಪೈಸೆಯೂ ಹಿಡಿಯುವಂತಿಲ್ಲ. ಮಿನಿಜಾಬ್‌ನವರೂ ಮೊದಲ ದಿನದಿಂದಲೇ ಇದರೊಳಗೆ. ನಿಮ್ಮ ಕಂಪನಿ ಯಾವ ಬೇ-ಗೇ ಕೆಳಗೆ ಬರುತ್ತದೆ ಅಂತ ಕೆಲಸಗಾರರಿಗೆ ತಿಳಿಸುವುದೂ ಮಾಲೀಕರ ಹೊಣೆ. ಕೇಳಿ ಬರೆದಿಟ್ಟುಕೊಳ್ಳಿ.

ಈಗ ನಾನು ಬಿದ್ದ ಹಳ್ಳದ ಮಾತು. ಕೈ ಒಡೆದಾಗ ಹೌಸ್‌ಆರ್ಟ್ಸ್ಟ್, ಅಂದರೆ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೋಗಿ ‘ಅಲರ್ಜಿ’ ಅಂದರೆ ಅದು ನಿಮ್ಮ ಸ್ವಂತ ಕಾಯಿಲೆ ಅಂತ ದಾಖಲಾಗುತ್ತದೆ. ಚೀಟಿ ಇಲ್ಲದೆ ಸಿಗುವ ಕ್ರೀಮುಗಳಿಗೆ ದೊಡ್ಡವರಿಗೆ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅದೇ ಜಾಗದಲ್ಲಿ “ದಸ್ ಕೊಮ್ಟ್ ಫೋನ್ ಡೆರ್ ಆರ್ಬೈಟ್”, ಅಂದರೆ ಇದು ಕೆಲಸದಿಂದ ಬಂದದ್ದು, ಅಂದರೆ ದಾರಿಯೇ ಬೇರೆ. ನಿಮ್ಮನ್ನು ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಅವರು ನಿಮ್ಮ ಒಪ್ಪಿಗೆ ಪಡೆದು ಬೇ-ಗೇಗೆ ಒಂದು ವರದಿ ಕಳಿಸುತ್ತಾರೆ, ಅದರ ಹೆಸರು ಹೌಟ್‌ಆರ್ಟ್ಸ್ಟ್‌ಬೆರಿಷ್ಟ್. ಬೇ-ಗೇ ಒಪ್ಪಿದರೆ ಚಿಕಿತ್ಸೆ, ಕ್ರೀಮು, ಸರಿಯಾದ ಕೈಗವಸು, ಕೈ ಕಾಪಾಡಿಕೊಳ್ಳುವ ತರಬೇತಿ ಎಲ್ಲವೂ ಅವರ ಖರ್ಚು. ಆ ಹೆಸರನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ ತೋರಿಸಿ. ನಾಚಿಕೆ ಬೇಡ.

ಹಳೆಯ ಸೀನಿಯರ್‌ಗಳ ಮಾತು ಕೇಳಿ ಕೆಡಬೇಡಿ. “ಬೇ-ಗೇ ಒಪ್ಪಬೇಕಾದರೆ ಕೆಲಸ ಬಿಡಲೇಬೇಕು” ಅನ್ನುತ್ತಾರೆ. ಚರ್ಮದ ಕಾಯಿಲೆಯನ್ನು ಔದ್ಯೋಗಿಕ ಕಾಯಿಲೆ ಅಂತ ಒಪ್ಪಲು ಮೊದಲು ಆ ಷರತ್ತು ಇತ್ತು, ನಿಜ. 2021ರ ಜನವರಿ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಕೆಲಸ ಮಾಡುತ್ತಲೇ ಕೇಳಬಹುದು.

ಇಷ್ಟಕ್ಕೂ ಕೈ ಒಡೆಯುವವರೆಗೆ ಕಾಯಬೇಕಿಲ್ಲ. ನೀರಲ್ಲಿ ಕೈ ಇಟ್ಟು ಮಾಡುವ ಕೆಲಸ ದಿನಕ್ಕೆ 2 ಗಂಟೆ ದಾಟಿದರೆ ಕಂಪನಿ ಡಾಕ್ಟರ್ ತಪಾಸಣೆಗೆ ಬರುತ್ತೀರಾ ಅಂತ ಮಾಲೀಕರೇ ಕೇಳಬೇಕು. ದಿನವೂ 4 ಗಂಟೆ ಅಥವಾ ಮೇಲಾದರೆ ತಪಾಸಣೆ ಆಗದೆ ಆ ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ. 2008ರಿಂದ ಈ ನಿಯಮವಿದೆ. ಖರ್ಚು ಕಂಪನಿಯದ್ದು, ಹೋಗುವುದೂ ಕೆಲಸದ ವೇಳೆಯಲ್ಲೇ. ಆದರೂ ನಮ್ಮ ಹುಡುಗರು “ಬೇಡ, ನಾನು ಚೆನ್ನಾಗಿದ್ದೇನೆ” ಅಂದುಬಿಡುತ್ತಾರೆ. ಊರಲ್ಲಿ ಕೆಲಸಕ್ಕೆ ಸೇರುವ ಮುಂಚೆ ಮಾಡುವ ಮೆಡಿಕಲ್ ಟೆಸ್ಟ್ ನೆನಪಾಗಿ ಹೆದರುತ್ತಾರೆ ಅಂತ ಕಾಣುತ್ತದೆ. ಇದು ಅದಲ್ಲ. ತಪಾಸಣೆ ಯಾವಾಗ ಆಯಿತು, ಯಾಕೆ ಆಯಿತು, ಮುಂದಿನದು ಯಾವಾಗ, ಇಷ್ಟೇ ಮಾಲೀಕರ ಕೈಗೆ ಹೋಗುವ ಚೀಟಿಯಲ್ಲಿರುತ್ತದೆ. ನಿಮ್ಮ ಕೈಗೆ ಏನಾಗಿದೆ ಅಂತ ಡಾಕ್ಟರ್ ಅವರಿಗೆ ಹೇಳುವಂತಿಲ್ಲ. ರಕ್ತ ಪರೀಕ್ಷೆ ಬೇಡ ಅಂದರೆ ಒತ್ತಾಯವೂ ಇಲ್ಲ.

ಊರಿನ ಇಎಸ್‌ಐ ಜೊತೆ ಹೋಲಿಸಿದರೆ ನನಗೆ ಇಲ್ಲಿಯದೇ ಮೇಲು ಅನಿಸುತ್ತದೆ. ಇಎಸ್‌ಐಗೆ ಕೆಲಸಗಾರರು ತಮ್ಮ ಸಂಬಳದಿಂದ 0.75 ಪರ್ಸೆಂಟ್ ಕೊಡಬೇಕು, ತಿಂಗಳಿಗೆ 21,000 ರೂಪಾಯಿಯ ಮಿತಿ ಬೇರೆ. ಇಲ್ಲಿ ಎರಡೂ ಇಲ್ಲ. ಆದರೆ ಇಎಸ್‌ಐ ಕಾರ್ಡು ಹಿಡಿದು ಹೋದರೆ ಜ್ವರಕ್ಕೂ ಗಾಯಕ್ಕೂ ಒಂದೇ ಬಾಗಿಲು. ಇಲ್ಲಿ ಯಾವ ಬಾಗಿಲು ತಟ್ಟಬೇಕು ಅಂತ ನಮಗೇ ಗೊತ್ತಿರಬೇಕು, ಯಾರೂ ಕರೆದು ಹೇಳುವುದಿಲ್ಲ. ಭಾಷೆ ಬಾರದವರಿಗೆ ಇದು ಅನ್ಯಾಯವೇ.

ಜಾರಿ ಬಿದ್ದರೆ, ಕೈ ಕೊಯ್ದುಕೊಂಡರೆ ಹೋಗಬೇಕಾದ್ದು ‘ಡೇ-ಆರ್ಟ್ಸ್ಟ್’ ಹತ್ತಿರ, ಅಂದರೆ ಕೆಲಸದ ಅಪಘಾತ ನೋಡುವ ಡಾಕ್ಟರ್. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದರೂ ಅಲ್ಲಿಗೇ. ಗಾಯ ಸಣ್ಣದಾದರೂ ಕೆಲಸದ ಜಾಗದ ‘ಫೆರ್‌ಬಾಂಡ್‌ಬೂಖ್’ನಲ್ಲಿ, ಅಂದರೆ ಗಾಯಗಳನ್ನು ದಾಖಲಿಸುವ ಪುಸ್ತಕದಲ್ಲಿ, ಬರೆಸಿ. ಅದನ್ನು 5 ವರ್ಷ ಇಡಬೇಕು, ನಾಳೆ ಕೀವು ತುಂಬಿದರೆ ಅದೇ ನಿಮ್ಮ ಸಾಕ್ಷಿ.

ಕಸದ ಚೀಲದೊಳಗಿನ ಸೂಜಿ ಚುಚ್ಚಿದರೆ ಮಾತ್ರ ಶಿಫ್ಟ್ ಮುಗಿಯಲಿ ಅಂತ ಕಾಯಲೇಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಮೊದಲ 2 ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಸೂಪರ್‌ವೈಸರ್‌ಗೆ ಹೇಳಿ ಆ ಕ್ಷಣವೇ ಹೊರಡಿ.

ದಾವಣಗೆರೆಯ ಹುಡುಗಿಯ ಜೊತೆ ಮರುವಾರ ನಾನೇ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಹೋಗುವ ಮುಂಚೆ ಅವಳು ಬಳಸುವ ಐದೂ ಬಾಟಲಿಗಳ ಲೇಬಲ್ ಫೋಟೋ ತೆಗೆಸಿದ್ದೆ. ದಿನಕ್ಕೆ ಎಷ್ಟು ಬಾತ್‌ರೂಮ್, ಎಷ್ಟು ಗಂಟೆ ಅಂತ ಒಂದು ಹಾಳೆಯಲ್ಲಿ ಬರೆಸಿದ್ದೆ. ಡಾಕ್ಟರ್ ಎರಡನ್ನೂ ನೋಡಿ ತಾವೇ ಫಾರ್ಮ್ ತೆಗೆದರು. ರಬ್ಬರ್ ಕೈಗವಸಿನ ಒಳಗೆ ಹತ್ತಿಯದು ಹಾಕಿಕೋ, ಉಂಗುರ ಮನೆಯಲ್ಲೇ ಬಿಡು ಅಂದರು. ಅವಳು ಅಲ್ಲೇ ಉಂಗುರ ತೆಗೆದು ಪರ್ಸಿಗೆ ಹಾಕಿಕೊಂಡಳು.