ಟಿಬಿ ಡ್ಯಾಂಗೆ ಹೊರಡೋ ಮುಂಚೆ ತಿಂಗಳು ನೋಡಿಕೊಳ್ಳಿ

ಹೊಸಪೇಟೆಯ ತುಂಗಭದ್ರಾ ಡ್ಯಾಂ ನೋಡೋಕೆ ಯಾವಾಗ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಗೇಟಿನಿಂದ ಧುಮುಕೋ ನೀರು ಬೇಕಾ, ಹಂಪಿಯಲ್ಲಿ ತೆಪ್ಪದ ಸವಾರಿ ಬೇಕಾ? ಎರಡೂ ಒಂದೇ ಸಲ ಸಿಗೋದು ಕಷ್ಟ. ಇಲ್ಲಿ ಬಿಟ್ಟ ನೀರು ಹರಿಯೋದು ಹಂಪಿ ಕಡೆಗೇ ಅಲ್ವಾ? ಹೊಳೆ ಜೋರಾದರೆ ಪುರಂದರದಾಸರ ಮಂಟಪ ಮುಳುಗುತ್ತದೆ, ತೆಪ್ಪ ಬಂದ್.

ನೀರೇ ಬೇಕು ಅನ್ನುವವರು ಜುಲೈ ಕೊನೆ, ಆಗಸ್ಟ್ ನೋಡಿಕೊಳ್ಳಿ. ಹೊಸಪೇಟೆಯಲ್ಲಿ ಬಿಸಿಲಿದೆ ಅಂತ ಪ್ಲಾನ್ ಬಿಡಬೇಡಿ. ಡ್ಯಾಂ ತುಂಬೋದು ಊರ ಮಳೆಗಲ್ಲ, ಶಿವಮೊಗ್ಗ, ಚಿಕ್ಕಮಗಳೂರು ಕಡೆ ಸುರಿದ ಮಳೆಗೆ. ಹಿಂದಿನ ದಿನ ಪೇಪರಿನಲ್ಲಿ ಒಳಹರಿವು ಎಷ್ಟು ಕ್ಯೂಸೆಕ್ ಅಂತ ನೋಡಿ. ಮಟ್ಟ 1633 ಅಡಿ ಹತ್ತಿರ ಇದ್ದು, ಒಳಹರಿವೂ ಜಾಸ್ತಿ ಇದ್ದರೆ ಧೈರ್ಯವಾಗಿ ಹೊರಡಿ, ಅದು ಪೂರ್ತಿ ತುಂಬಿದ ಮಟ್ಟ.

ಒಟ್ಟು 33 ಗೇಟು. 2024ರ ಆಗಸ್ಟ್‌ನಲ್ಲಿ ಚೈನ್ ಕಡಿದು 19ನೇ ಗೇಟ್ ಕೊಚ್ಚಿಕೊಂಡು ಹೋಗಿತ್ತಲ್ಲ, ಹರಿಯೋ ನೀರಿನಲ್ಲೇ ಉಕ್ಕಿನ ತಡೆಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದ್ದು ಇಲ್ಲೇ. ಗೋಡೆಯನ್ನು ಸರಿಯಾಗಿ ನೋಡಿ, ಅದು ಸುರ್ಕಿ ಗಾರೆ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು) ಹಾಕಿ ಕಟ್ಟಿದ ಕಲ್ಲಿನ ಗೋಡೆ, ಮುಗಿದಿದ್ದು 1953ರಲ್ಲಿ. ಇಡೀ ಜಲಾಶಯ ಕಣ್ಣಿಗೆ ಬೀಳೋದು ಗುಡ್ಡದ ಮೇಲಿನ ವೈಕುಂಠ ಗೆಸ್ಟ್‌ಹೌಸ್ ಕಡೆಯಿಂದ. ಕೆಳಗಿನ ಪಾರ್ಕು ಮಕ್ಕಳಿದ್ದರೆ ಓಕೆ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಹಂಪಿ ಹೊಸಪೇಟೆಯಿಂದ 12-13 ಕಿಲೋಮೀಟರ್. ಕಲ್ಲಿನ ರಥದ ಮುಂದೆ ಫೋಟೋ ಎಲ್ಲರೂ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆದರೆ ಡ್ಯಾಂ ನೋಡಿ ಬಂದವರು ಇಲ್ಲಿ ಹುಡುಕಬೇಕಾದ್ದು ನೀರಿನ ದಾರಿ. ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ಕಂಬಗಳ ಮೇಲೆ ಕೂರಿಸಿದ ನೀರು ಹರಿಸೋ ಉದ್ದನೆಯ ಕಲ್ಲುದೋಣಿ ಇದೆ, ಅದರ ಜಾಡು ಹಿಡಿದು ನಡೆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಪುಷ್ಕರಣಿ ಸಿಗುತ್ತದೆ. ತುರ್ತಾ ಕಾಲುವೆ, ಬಸವಣ್ಣ ಕಾಲುವೆ ವಿಜಯನಗರದ ಕಾಲದವು, ಈಗಲೂ ಗದ್ದೆ, ಬಾಳೆತೋಟಕ್ಕೆ ನೀರು ಕೊಡುತ್ತಿವೆ. ಗೈಡ್ ತಾನಾಗೇ ಹೇಳದಿದ್ದರೆ ನೀವೇ ಕೇಳಿ.

ತೆಪ್ಪ ಬೇಕಿದ್ದವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆನೆಗೊಂದಿ, ಅಂಜನಾದ್ರಿ ಬೆಟ್ಟವನ್ನು ಬೆಳಿಗ್ಗೆಯೇ ಮುಗಿಸಿ. ಮೆಟ್ಟಿಲು 500ಕ್ಕೂ ಜಾಸ್ತಿ, ಬಿಸಿಲೇರಿದ ಮೇಲೆ ಕಲ್ಲು ಕಾದ ಹಂಚಿನ ಹಾಗೆ ಸುಡುತ್ತದೆ. ಮಧ್ಯಾಹ್ನ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ದರೋಜಿ ಕರಡಿಧಾಮಕ್ಕೆ ಹೊರಡಿ, ಕರಡಿ ಬರೋದೇ ಮಧ್ಯಾಹ್ನದ ಮೇಲೆ. ಬಂಡೆಗೆ ಸಿಹಿ ಸವರಿಟ್ಟಿರುತ್ತಾರೆ, ನೆಕ್ಕೋಕೆ ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯೂ ಬರಬಹುದು. ದೂರದಿಂದ ನೋಡೋದು, ಬೈನಾಕ್ಯುಲರ್ ಇಲ್ಲದಿದ್ದರೆ ಸುಮ್ನೆ ಕಪ್ಪು ಚುಕ್ಕೆ ಅಷ್ಟೇ.

ಹೊಳೆಯಲ್ಲಿ ನೀರುನಾಯಿಗಳೂ ಇವೆ, 2015ರಿಂದ ನದಿಯ 34 ಕಿಲೋಮೀಟರ್ ಅವಕ್ಕೇ ಮೀಸಲು. ಬೆಳಗಿನ ಹೊತ್ತು ಗಲಾಟೆ ಮಾಡದೆ ದಡದ ಬಂಡೆಗಳ ಮೇಲೆ ಕಣ್ಣಿಡಿ. ನೀರಿಗೆ ಮಾತ್ರ ಇಳಿಯಬೇಡಿ, ಸುಳಿಗಳಿವೆ, ಮೊಸಳೆಯೂ ಇವೆ.